ಸಿನಿಮಾದ ಮೊದಲ ಗಿರಾಕಿ: ಹಾಲಿವುಡ್ ಸ್ಟುಡಿಯೊಗಳು ಚಿತ್ರಮಂದಿರದ ಮಾಲೀಕರನ್ನು ಒಲಿಸಿಕೊಂಡ ಬಗೆ

ರೀಲುಪೆಟ್ಟಿಗೆ

ಹಾಲಿವುಡ್‌ನ ಹಳೆಯ ವೃತ್ತಿಪತ್ರಿಕೆಗಳನ್ನೂ (ಸಿನಿಮಾ ಕಸುಬಿನವರಿಗಾಗಿಯೇ ಬರುತ್ತಿದ್ದ ಪತ್ರಿಕೆಗಳು) ಪ್ರೆಸ್‌ಬುಕ್‌ಗಳನ್ನೂ ಓದುವ ಚಟ ನನಗೆ ಬಹಳ ದಿನಗಳಿಂದ ಇದೆ. ಓದಿದಷ್ಟೂ ಒಂದು ಸಂಗತಿ ಗಟ್ಟಿಯಾಗುತ್ತಿದೆ. ಸ್ಟುಡಿಯೊಗಳು ಅತ್ಯಂತ ಶ್ರಮವಹಿಸಿ ಬರೆದ ಪ್ರಚಾರ ಪ್ರೇಕ್ಷಕನ ಕಣ್ಣಿಗೆ ಬೀಳಲೇ ಇಲ್ಲ. ಅದು ಹೋದದ್ದು ಚಿತ್ರಮಂದಿರದ ಮಾಲೀಕನ ಮೇಜಿಗೆ. ಪ್ರೇಕ್ಷಕ ಕಾಸು ಕೊಡುತ್ತಿದ್ದುದು ಮಾಲೀಕನಿಗೆ, ಮಾಲೀಕ ಕೊಡುತ್ತಿದ್ದುದು ಸ್ಟುಡಿಯೊಗೆ. ಹಾಗಾಗಿ ಅವನನ್ನು ಒಪ್ಪಿಸಿದರೆ ಅರ್ಧ ಕೆಲಸ ಮುಗಿದಂತೆ.

ಪ್ರೆಸ್‌ಬುಕ್ ಎಂದರೆ ಒಂದೊಂದು ಚಿತ್ರಕ್ಕೂ ಸ್ಟುಡಿಯೊ ಅಚ್ಚು ಹಾಕಿಸಿ ಮಾಲೀಕರಿಗೆ ಕಳುಹಿಸುತ್ತಿದ್ದ ದೊಡ್ಡ ಪುಸ್ತಿಕೆ. 1910ರ ದಶಕದಲ್ಲೇ ಇದು ಶುರುವಾಯಿತು. ದೊಡ್ಡ ಚಿತ್ರವಾದರೆ ದಿನಪತ್ರಿಕೆಯಷ್ಟು ಅಗಲದ, ಬಣ್ಣದ ಹೊದಿಕೆಯ ಪುಸ್ತಿಕೆ; ಸಣ್ಣ ಚಿತ್ರವಾದರೆ ನಾಲ್ಕು ಪುಟ. ಒಳಗೆ ಕಥಾಸಾರಾಂಶ, ತಾರಾಗಣ, ಚಿತ್ರದ ಉದ್ದ. ಆಮೇಲೆ ಊರಿನ ಪತ್ರಿಕೆಗೆ ಹಾಗೆಯೇ ಕೊಡಬಹುದಾದ ಸಿದ್ಧ ಸುದ್ದಿಗಳು: ಚಿತ್ರ ಬರುವ ಮೊದಲಿನ ವಾರಕ್ಕೆ ಒಂದಷ್ಟು, ಓಡುತ್ತಿರುವಾಗಿನ ದಿನಗಳಿಗೆ ಒಂದಷ್ಟು. ನನಗೆ ನಗು ತರಿಸುವುದು ಮೂರನೆಯ ಬಗೆ. ಬಿಡುಗಡೆಯ ಮಾರನೆಯ ದಿನ ಅಚ್ಚಾಗಬೇಕಾದ ವಿಮರ್ಶೆಯೂ ಅದರಲ್ಲಿ ಸಿದ್ಧವಾಗಿರುತ್ತಿತ್ತು! ನಿನ್ನೆ ರಾತ್ರಿ ನಮ್ಮೂರಿನ ಪ್ರೇಕ್ಷಕರು ಮಂತ್ರಮುಗ್ಧರಾದರು ಎಂಬ ಧಾಟಿಯ ಬರಹವನ್ನು ಆ ಊರಿನ ಹೆಸರೇ ಗೊತ್ತಿಲ್ಲದ ನ್ಯೂಯಾರ್ಕಿನ ಗುಮಾಸ್ತನೊಬ್ಬ ತಿಂಗಳ ಹಿಂದೆಯೇ ಬರೆದಿಟ್ಟಿರುತ್ತಿದ್ದ. ಊರಿನ ಪತ್ರಿಕೆಗೆ ಪುಟ ತುಂಬುತ್ತಿತ್ತು, ಮಾಲೀಕನಿಗೆ ಹೊಗಳಿಕೆ ಸಿಗುತ್ತಿತ್ತು. ಇಬ್ಬರಿಗೂ ಇದರಲ್ಲಿ ತಕರಾರಿರಲಿಲ್ಲ.

ಕೊನೆಯ ಪುಟಗಳಲ್ಲಿ ಪೋಸ್ಟರುಗಳ ಪಟ್ಟಿ ಇರುತ್ತಿತ್ತು. 27 ಅಂಗುಲ ಅಗಲ, 41 ಅಂಗುಲ ಎತ್ತರದ ಪೋಸ್ಟರಿಗೆ ‘ಒನ್ ಶೀಟ್’ ಎಂದು ಹೆಸರು. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಮೂರು ಶೀಟ್, ಆರು ಶೀಟ್, ರಸ್ತೆಬದಿಯ ಹಲಗೆಗೆ ಇಪ್ಪತ್ತನಾಲ್ಕು ಶೀಟ್. ಅಂಗಡಿ ಕಿಟಕಿಗೆ 14 ಅಂಗುಲ ಅಗಲ, 22 ಅಂಗುಲ ಎತ್ತರದ ರಟ್ಟು. ಮೊಗಸಾಲೆಗೆ 11ಕ್ಕೆ 14 ಅಂಗುಲದ ಲಾಬಿ ಕಾರ್ಡು, ಸಾಮಾನ್ಯವಾಗಿ ಎಂಟರ ಕಟ್ಟು. ಇವೆಲ್ಲ ಉಚಿತವಾಗಿ ಬರುತ್ತಿದ್ದವು ಎಂದುಕೊಳ್ಳಬೇಡಿ. ಪ್ರತಿಯೊಂದಕ್ಕೂ ಮಾಲೀಕನೇ ದುಡ್ಡು ಕೊಡಬೇಕಿತ್ತು. ಅಂದರೆ ಪ್ರಚಾರದ ಪುಸ್ತಿಕೆಯೇ ಇನ್ನೊಂದು ಸರಕಿನ ಬೆಲೆಪಟ್ಟಿ.

ಇದು ಮಾಲೀಕನಿಗೆ ಮಾಡಿದ ಉಪಕಾರವೋ, ಅವನ ಜೇಬಿನಿಂದಲೇ ತಮ್ಮ ಪ್ರಚಾರ ಮಾಡಿಸಿಕೊಂಡ ಉಪಾಯವೋ? ನನ್ನ ಒಲವು ಎರಡನೆಯದರ ಕಡೆಗೆ. ಬಲ್ಲವರು ಹೇಳಿ.

ಅಚ್ಚುಮೊಳೆ

ಮುದ್ರಣದ ಕಸುಬಿನಲ್ಲಿ ಇದ್ದವನಾದ್ದರಿಂದ ಜಾಹೀರಾತಿನ ‘ಮ್ಯಾಟ್’ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಪ್ರೆಸ್‌ಬುಕ್‌ನ ಜೀವ ಇದ್ದದ್ದೇ ಅಲ್ಲಿ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ಅದು. ಸಣ್ಣ ಊರಿನ ಪತ್ರಿಕೆಯ ಬಳಿ ಅಕ್ಷರದ ಮೊಳೆ ಇರುತ್ತಿತ್ತು, ಚಿತ್ರ ಕೆತ್ತುವವನು ಇರುತ್ತಿರಲಿಲ್ಲ. ಚಿತ್ರದ ಬ್ಲಾಕ್ ಬೇಕೆಂದರೆ ದೊಡ್ಡ ಊರಿಗೆ ಹೇಳಿ ಮಾಡಿಸಬೇಕು. ಸ್ಟುಡಿಯೊ ಇದಕ್ಕೆ ಕಂಡುಕೊಂಡ ದಾರಿ ಚೊಕ್ಕವಾಗಿತ್ತು. ಕಾಗದದ ತಿರುಳಿನ ಹಾಳೆಯನ್ನು ಮೂಲ ಬ್ಲಾಕಿನ ಮೇಲೆ ಒತ್ತಿ ತೆಗೆದರೆ ತಾರೆಯ ಮುಖ, ಚಿತ್ರದ ಹೆಸರು, ಅಲಂಕಾರ ಎಲ್ಲವೂ ಅದರಲ್ಲಿ ತಗ್ಗಾಗಿ ಮೂಡುತ್ತಿತ್ತು. ಇದೇ ಮ್ಯಾಟ್. ಹಾಳೆ ಹಗುರ, ಅಂಚೆಯಲ್ಲಿ ಕಳುಹಿಸಬಹುದು. ಪತ್ರಿಕೆಯವರು ಅದರ ಮೇಲೆ ಕರಗಿದ ಸೀಸದ ಮಿಶ್ರಲೋಹ ಹೊಯ್ದರೆ ಆರಿದ ಮೇಲೆ ಅಚ್ಚಿಗೆ ಸಿದ್ಧವಾದ ಫಲಕ. ಒಂದು ಕಾಲಂ ಅಗಲದ್ದು, ಎರಡು ಕಾಲಂ ಅಗಲದ್ದು ಎಂದು ಹಲವು ಗಾತ್ರ, ಪ್ರತಿಯೊಂದಕ್ಕೂ ಸಂಖ್ಯೆ. ಮಾಲೀಕ ಸಂಖ್ಯೆ ಬರೆದು ತರಿಸಿಕೊಂಡರಾಯಿತು. ತನ್ನ ಚಿತ್ರಮಂದಿರದ ಹೆಸರು, ಆಟದ ವೇಳೆ ಜೋಡಿಸಲು ಅದರ ಕೆಳಗೆ ಜಾಗ ಖಾಲಿ ಬಿಟ್ಟಿರುತ್ತಿದ್ದರು.

ಇದರ ಫಲವೇನೆಂದರೆ, ಎರಡು ಸಾವಿರ ಜನರಿರುವ ಕಾನ್ಸಾಸಿನ ಊರಿನ ಪತ್ರಿಕೆಯಲ್ಲೂ ಚಿಕಾಗೊ ಪತ್ರಿಕೆಯಲ್ಲಿ ಬಂದ ಅದೇ ಮುಖ, ಅದೇ ಗೆರೆ. ಆ ಮಾಲೀಕನಿಗೆ ಇದು ಸಣ್ಣ ಸಹಾಯವೇ? ನಾನು ಉಪಕಾರವೆಂದೇ ಹೇಳುತ್ತೇನೆ. ದುಡ್ಡು ತೆಗೆದುಕೊಂಡರೆ ಏನಾಯಿತು, ಅಷ್ಟು ದುಡ್ಡಿಗೆ ಅವನು ತಾನೇ ಮಾಡಿಸಿಕೊಳ್ಳಲು ಆಗುತ್ತಿರಲಿಲ್ಲ.

ನಡುಸಾಲಿನ ನೋಡುಗ

ಸಿದ್ಧ ವಿಮರ್ಶೆಯ ವಿಷಯ ಓದಿ ಸಮಾಧಾನವಾಯಿತು. ಈಗಿನ ಕೆಲವು ‘ಮೊದಲ ದಿನದ ವಿಮರ್ಶೆ’ಗಳ ವಂಶವೃಕ್ಷ ಸಿಕ್ಕಿತು.

ಒಂದು ಪ್ರಶ್ನೆ. ಚಿತ್ರ ಚೆನ್ನಾಗಿದ್ದರೆ ಮಾಲೀಕ ತಾನೇ ತರಿಸಿಕೊಳ್ಳುತ್ತಿದ್ದನಲ್ಲವೇ? ಇಷ್ಟೊಂದು ಮನವೊಲಿಕೆ ಏಕೆ ಬೇಕಿತ್ತು?

ಕರಾರುಪತ್ರ

ನೋಡುಗರೇ, ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವ ಮೊದಲೇ ಅವನು ಕೊಂಡುಬಿಟ್ಟಿರುತ್ತಿದ್ದ. ಅನೇಕ ಸಲ ಚಿತ್ರ ಹುಟ್ಟಿಯೇ ಇರುತ್ತಿರಲಿಲ್ಲ. ವಕೀಲಿ ವೃತ್ತಿಯವಳಾದ್ದರಿಂದ ನನಗೆ ಪ್ರೆಸ್‌ಬುಕ್‌ಗಿಂತ ಕರಾರಿನ ಕಡೆಗೇ ಕಣ್ಣು ಹೋಗುತ್ತದೆ.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅಡಾಲ್ಫ್ ಜ್ಯೂಕರ್ ಅವರ ಪ್ಯಾರಾಮೌಂಟ್ ಬಳಗ ವಾರಕ್ಕೆ ಎರಡರಂತೆ ವರ್ಷಕ್ಕೆ 104 ಚಿತ್ರಗಳನ್ನು ಪೂರೈಸುವ ಯೋಜನೆ ಮುಂದಿಟ್ಟಿತು. ಆಗಿನ ದೊಡ್ಡ ತಾರೆ ಮೇರಿ ಪಿಕ್‌ಫರ್ಡ್ ಅವರ ಚಿತ್ರ ಬೇಕೇ? ಹಾಗಾದರೆ ಅದರ ಜೊತೆಗೆ ಉಳಿದ ಚಿತ್ರಗಳನ್ನೂ ತೆಗೆದುಕೊಳ್ಳಬೇಕು. ಇದಕ್ಕೆ ‘ಬ್ಲಾಕ್ ಬುಕಿಂಗ್’ ಎಂದು ಹೆಸರಾಯಿತು. ನೋಡದೆಯೇ ಕೊಳ್ಳುವುದು ‘ಬ್ಲೈಂಡ್ ಬುಕಿಂಗ್’. ಎರಡೂ ಒಂದಾದರೆ ಮಾಲೀಕನ ಪಾಡು ಊಹಿಸಿ. ಸಿಟ್ಟಿಗೆದ್ದ ದೊಡ್ಡ ಮಾಲೀಕರು 1917ರಲ್ಲಿ ಒಟ್ಟಾಗಿ ಫಸ್ಟ್ ನ್ಯಾಷನಲ್ ಎಂಬ ಸ್ವಂತ ಕೂಟ ಕಟ್ಟಿಕೊಂಡರು. ಚಾಪ್ಲಿನ್ ಅವರನ್ನು ಹತ್ತು ಲಕ್ಷ ಡಾಲರಿನ ಒಪ್ಪಂದದಲ್ಲಿ ತಮ್ಮ ಕಡೆಗೆ ಎಳೆದುಕೊಂಡರು. ಜ್ಯೂಕರ್ ಸುಮ್ಮನಿರಲಿಲ್ಲ. ಮಾಲೀಕರನ್ನು ಒಲಿಸುವುದಕ್ಕಿಂತ ಚಿತ್ರಮಂದಿರಗಳನ್ನೇ ಕೊಳ್ಳುವುದು ವಾಸಿ ಎಂದು 1919ರಿಂದ ಕೊಳ್ಳತೊಡಗಿದರು.

ಮುಂದೆ ಐದು ದೊಡ್ಡ ಸ್ಟುಡಿಯೊಗಳು ಇದೇ ದಾರಿ ಹಿಡಿದವು. 1945ರ ಲೆಕ್ಕದಂತೆ ಅಮೆರಿಕದ 18,076 ಚಿತ್ರಮಂದಿರಗಳಲ್ಲಿ ಇವರ ಪಾಲು ಶೇ. 17ರಷ್ಟು ಮಾತ್ರ. ಆದರೆ ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ 92 ನಗರಗಳಲ್ಲಿ ಹೊಸ ಚಿತ್ರ ಮೊದಲು ಬಿಡುಗಡೆಯಾಗುವ ಮಂದಿರಗಳನ್ನು ಎಣಿಸಿದರೆ ಸುಮಾರು ಶೇ. 70 ಇವರ ಕೈಯಲ್ಲಿದ್ದವು. ಪ್ರೆಸ್‌ಬುಕ್ಕಿನ ಸಿಹಿಮಾತು ಉಳಿದವರಿಗೆ, ಅಂದರೆ ಎರಡನೆಯ ಮೂರನೆಯ ಸರದಿಯಲ್ಲಿ ಸವೆದ ಪ್ರಿಂಟು ಪಡೆಯುತ್ತಿದ್ದ ಸಣ್ಣ ಮಾಲೀಕರಿಗೆ ಹೆಚ್ಚು ಬೇಕಿತ್ತು.

ರೀಲುಪೆಟ್ಟಿಗೆ

ಕರಾರುಪತ್ರ ಮೇಡಂ ಹೇಳಿದ್ದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಪುಸ್ತಕವಿದೆ. ಅದರ ಮುಂದೆ ಪ್ರೆಸ್‌ಬುಕ್ ಏನೂ ಅಲ್ಲ.

ಪ್ರತಿ ವರ್ಷ ಬೇಸಿಗೆಯ ಹೊತ್ತಿಗೆ ಸ್ಟುಡಿಯೊಗಳು ತಮ್ಮ ಮಾರಾಟಗಾರರನ್ನೆಲ್ಲ ಸೇರಿಸಿ ಸಮ್ಮೇಳನ ಮಾಡುತ್ತಿದ್ದವು. ಅಲ್ಲಿ ಮುಂದಿನ ಹಂಗಾಮಿನ ಚಿತ್ರಗಳ ವಾರ್ಷಿಕ ಪುಸ್ತಕ ಹೊರಬೀಳುತ್ತಿತ್ತು. ದಪ್ಪ ಕಾಗದ, ಬಂಗಾರದ ಬಣ್ಣ, ಒಂದೊಂದು ಚಿತ್ರಕ್ಕೆ ಪುಟ ತುಂಬ ಕಲಾವಿದನ ಕೈಚಳಕ. ಮಾರಾಟಗಾರ ಇದನ್ನು ಕಂಕುಳಲ್ಲಿಟ್ಟುಕೊಂಡು ತನ್ನ ವಲಯದ ಊರೂರು ತಿರುಗುತ್ತಿದ್ದ. ಅಮೆರಿಕವನ್ನು ಮೂವತ್ತಕ್ಕೂ ಹೆಚ್ಚು ಹಂಚಿಕೆ ಕೇಂದ್ರಗಳಾಗಿ ಹಂಚಿಕೊಂಡಿದ್ದರು. ಪ್ರತಿ ಕೇಂದ್ರದಲ್ಲಿ ಎಲ್ಲ ಸಂಸ್ಥೆಗಳ ಕಚೇರಿಗಳು ಒಂದೇ ಬೀದಿಯಲ್ಲಿ ಸಾಲಾಗಿ ಇರುತ್ತಿದ್ದವು, ನಮ್ಮ ಗಾಂಧಿನಗರದಂತೆ.

ಆ ಪುಸ್ತಕದ ಬಹಳಷ್ಟು ಚಿತ್ರಗಳಿಗೆ ಆಗಿನ್ನೂ ಚಿತ್ರಕಥೆ ಸಹ ಇರುತ್ತಿರಲಿಲ್ಲ. ಹೆಸರು, ತಾರೆ, ಒಂದು ಬೆಂಕಿಯಂತಹ ವರ್ಣಚಿತ್ರ, ಅಷ್ಟೇ. ಎಷ್ಟೋ ಕರಾರುಗಳಲ್ಲಿ ಹೆಸರೂ ಇಲ್ಲದೆ ಇಂಥ ತಾರೆಯ ಎರಡು ಚಿತ್ರ, ಇಂಥವರ ಮೂರು ಚಿತ್ರ ಎಂದು ಬರೆದಿರುತ್ತಿತ್ತು. ಪುಟ ತುಂಬ ಮೆರೆದ ಕೆಲವು ಚಿತ್ರಗಳು ಕೊನೆಗೂ ಬರಲೇ ಇಲ್ಲ.

ಇಲ್ಲಿ ನನ್ನ ಮೆಚ್ಚಿನ ಮನುಷ್ಯ ಬರುತ್ತಾರೆ: ಪಿ. ಎಸ್. ಹ್ಯಾರಿಸನ್. 1919ರಿಂದ ನ್ಯೂಯಾರ್ಕಿನಲ್ಲಿ ‘ಹ್ಯಾರಿಸನ್ಸ್ ರಿಪೋರ್ಟ್ಸ್’ ಎಂಬ ವಾರಪತ್ರಿಕೆ ನಡೆಸಿದರು. ನಾಲ್ಕು ಪುಟ, ಚಿತ್ರವಿಲ್ಲ, ಬಣ್ಣವಿಲ್ಲ, ಸಿನಿಮಾ ಜಾಹೀರಾತು ಒಂದೂ ಇಲ್ಲ. ಮಾಲೀಕರ ಚಂದಾ ಹಣವೇ ಆಧಾರ. ಅವರು ಮಾಡುತ್ತಿದ್ದ ಒಂದು ಕೆಲಸವನ್ನು ಹೇಳಲೇಬೇಕು. ವಾರ್ಷಿಕ ಪುಸ್ತಕದಲ್ಲಿ ಏನು ಮಾರಿದ್ದರು, ಈಗ ಏನು ಕಳುಹಿಸುತ್ತಿದ್ದಾರೆ ಎಂದು ಹೋಲಿಸಿ ನೋಡುತ್ತಿದ್ದರು. ಅಲ್ಲಿ ಹೇಳಿದ್ದ ಕಥೆ ಬೇರೆ, ನಿರ್ದೇಶಕ ಬೇರೆ, ತಾರೆ ಬೇರೆ, ಉಳಿದದ್ದು ಹೆಸರು ಮಾತ್ರ ಎಂದಾದರೆ ಇದು ಬದಲಿ ಸರಕು, ನೀವು ತೆಗೆದುಕೊಳ್ಳಬೇಕಾಗಿಲ್ಲ ಎಂದು ಚಂದಾದಾರರಿಗೆ ಬರೆಯುತ್ತಿದ್ದರು. ಪ್ರಚಾರದ ಪುಸ್ತಕವನ್ನೇ ಕರಾರಿನ ಸಾಕ್ಷಿಯಾಗಿ ತಿರುಗಿಸಿ ಹಿಡಿದ ಜಾಣತನ ಅದು. ಆ ಪತ್ರಿಕೆ 1962ರವರೆಗೆ ನಡೆಯಿತು.

ಟೆಂಟಿನ ಮಗಳು

ನೀವೆಲ್ಲ ಮಾಲೀಕನನ್ನು ಪಾಪದ ಕುರಿಯನ್ನಾಗಿ ಮಾಡುತ್ತಿದ್ದೀರಿ. ನಮ್ಮ ಮನೆಯವರು ಹಾಸನದ ಕಡೆ ಟೆಂಟ್ ಸಿನಿಮಾ ನಡೆಸಿದವರು. ಆ ಕಸುಬಿನಲ್ಲಿ ಬಾಳಿದವರು ಯಾರೂ ಕುರಿಗಳಾಗಿರಲಿಲ್ಲ, ಅಮೆರಿಕದಲ್ಲೂ ಇದ್ದಿರಲಾರರು.

ರೀಲುಪೆಟ್ಟಿಗೆಯವರು ಹ್ಯಾರಿಸನ್ ಅವರ ಮಾತು ಹೇಳಿದರು. ಅದಕ್ಕೂ ಸೊಗಸಾದದ್ದು ‘ಎಕ್ಸಿಬಿಟರ್ಸ್ ಹೆರಾಲ್ಡ್’ ಪತ್ರಿಕೆಯ ಒಂದು ಅಂಕಣ. ‘ಈ ಚಿತ್ರ ನನಗೇನು ಮಾಡಿತು’ ಎಂಬ ಅರ್ಥದ ಶೀರ್ಷಿಕೆ. 1916ರಲ್ಲಿ ಶುರುವಾಗಿ ‘ಮೋಷನ್ ಪಿಕ್ಚರ್ ಹೆರಾಲ್ಡ್’ ಆದ ಮೇಲೂ ದಶಕಗಳ ಕಾಲ ನಡೆಯಿತು. ಬರೆಯುತ್ತಿದ್ದವರು ಮಾಲೀಕರೇ. ಚಿತ್ರದ ಹೆಸರು, ತಾರೆ, ಮೂರು ನಾಲ್ಕು ಸಾಲು, ಕೆಳಗೆ ಚಿತ್ರಮಂದಿರದ ಹೆಸರು, ಊರು, ಜೊತೆಗೆ ತನ್ನ ಪ್ರೇಕ್ಷಕರು ಯಾವ ಬಗೆಯವರು ಎಂಬ ಒಂದು ಮಾತು: ಸಣ್ಣ ಊರಿನವರು, ಕಾರ್ಖಾನೆಯವರು, ಎಲ್ಲ ಬಗೆಯವರು. ಆ ಕೊನೆಯ ಮಾತೇ ಮುಖ್ಯ. ನೆಬ್ರಾಸ್ಕಾದ ಹಳ್ಳಿಯವನು ಓದುವಾಗ ನ್ಯೂಯಾರ್ಕಿನ ವಿಮರ್ಶಕನ ಮಾತನ್ನು ಬಿಟ್ಟು ತನ್ನಂಥದೇ ಊರಿನವನ ಮಾತನ್ನು ಹುಡುಕುತ್ತಿದ್ದ. ಮಳೆ ಬಂತು, ರಸ್ತೆ ಕೆಟ್ಟಿತ್ತು, ಪ್ರಿಂಟು ಹರಿದಿತ್ತು, ಬಾಡಿಗೆ ದುಬಾರಿ, ದೂರವಿರಿ ಎಂದು ಮುಲಾಜಿಲ್ಲದೆ ಬರೆಯುತ್ತಿದ್ದರು. ತಮಾಷೆಯೆಂದರೆ ಅದೇ ಸಂಚಿಕೆಯ ಮುಂದಿನ ಪುಟಗಳಲ್ಲಿ ಅದೇ ಚಿತ್ರದ ಎರಡು ಪುಟಗಳ ಬಣ್ಣದ ಜಾಹೀರಾತು ಇರುತ್ತಿತ್ತು. ಪತ್ರಿಕೆಗೆ ಎರಡರಿಂದಲೂ ಲಾಭ.

ಇನ್ನು ಮಾಲೀಕರು ತಿರುಗಿಬಿದ್ದ ದೊಡ್ಡ ಪ್ರಸಂಗ 1938ರ ಮೇ ತಿಂಗಳಿನದು. ಸ್ಟುಡಿಯೊಗಳು ವೃತ್ತಿಪತ್ರಿಕೆಗಳಲ್ಲಿ ನಮಗೆ ಜಾಹೀರಾತು ಕೊಡುತ್ತವೆ, ನಾವೇಕೆ ಅವುಗಳಿಗೆ ಕೊಡಬಾರದು ಎಂದು ನ್ಯೂಯಾರ್ಕಿನ ಸ್ವತಂತ್ರ ಚಿತ್ರಮಂದಿರಗಳ ಮಾಲೀಕರ ಸಂಘ ಹೊರಟಿತು. ಹ್ಯಾರಿ ಬ್ರಾಂಟ್ ಅದರ ಅಧ್ಯಕ್ಷರು. ‘ಹಾಲಿವುಡ್ ರಿಪೋರ್ಟರ್’ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿನಲ್ಲಿ ಗಲ್ಲಾಪೆಟ್ಟಿಗೆಗೆ ವಿಷವಾದ ತಾರೆಯರು ಇಂಥವರು ಎಂದು ಹೆಸರಿಸಿಯೇ ಬಿಟ್ಟರು: ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಮಾರ್ಲೀನ್ ಡೀಟ್ರಿಕ್, ಮೇ ವೆಸ್ಟ್, ಕ್ಯಾಥರೀನ್ ಹೆಪ್‌ಬರ್ನ್. ಇಷ್ಟು ದೊಡ್ಡ ಸಂಬಳದ ತಾರೆಯರನ್ನು ನಮ್ಮ ತಲೆಗೆ ಕಟ್ಟುತ್ತೀರಿ, ಜನ ಬರುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಕುರಿಗಳು ಹೀಗೆ ಮಾಡುವುದಿಲ್ಲ.

ನಡುಸಾಲಿನ ನೋಡುಗ

ಹೆಪ್‌ಬರ್ನ್ ಆಮೇಲೆ ಇನ್ನೂ ಮೂರು ಆಸ್ಕರ್ ಗೆದ್ದರು. ಮಾಲೀಕರಿಗೆ ಜನರ ನಾಡಿ ಗೊತ್ತಿತ್ತು ಎನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟೆಂಟಿನ ಮಗಳು

ಮಾಲೀಕ ನಾಡಿ ನೋಡುವುದು ಈ ವಾರದ್ದು ಮಾತ್ರ. ಎರಡು ವರ್ಷದ ಮೇಲೆ ಯಾರು ಎದ್ದು ಕೂರುತ್ತಾರೆ ಎಂಬುದರಿಂದ ಅವನ ಕರೆಂಟು ಬಿಲ್ಲು ಕಟ್ಟಲಾಗುವುದಿಲ್ಲ.

ಅಚ್ಚುಮೊಳೆ

ಒಲಿಸುವ ಕೆಲಸ ಬರೀ ಕಾಗದದಲ್ಲಿ ನಡೆಯಲಿಲ್ಲ. ಯೂನಿವರ್ಸಲ್ ಸಂಸ್ಥೆಯ ಕಾರ್ಲ್ ಲೆಮ್ಲ್ ತಮ್ಮ ಸಂಸ್ಥೆಯ ವಾರಪತ್ರಿಕೆಯಲ್ಲಿ ಮಾಲೀಕರಿಗೆ ನೇರವಾಗಿ, ಮನೆಯ ಹಿರಿಯನಂತೆ ಬುದ್ಧಿ ಹೇಳುವ ಧಾಟಿಯಲ್ಲಿ ಬರೆಯುತ್ತಿದ್ದರು. ಅವರೇ ಹಿಂದೆ ಚಿಕಾಗೊದಲ್ಲಿ ಚಿತ್ರಮಂದಿರ ನಡೆಸಿದವರು, ಆ ಭಾಷೆ ಅವರಿಗೆ ಬರುತ್ತಿತ್ತು. ಎಂಜಿಎಂ 1940ರ ದಶಕದಲ್ಲಿ ‘ದಿ ಲಯನ್ಸ್ ರೋರ್’ ಎಂಬ ನುಣುಪು ಕಾಗದದ ಪತ್ರಿಕೆಯನ್ನು ಮಾಲೀಕರಿಗಾಗಿಯೇ ತೆಗೆಯಿತು. 1933ರ ಆರಂಭದಲ್ಲಿ ವಾರ್ನರ್ ಸಂಸ್ಥೆ ತನ್ನ ಸಂಗೀತಚಿತ್ರವೊಂದಕ್ಕೆ ಜನರಲ್ ಎಲೆಕ್ಟ್ರಿಕ್ ಕಂಪನಿಯೊಡನೆ ಸೇರಿ ವಿಶೇಷ ರೈಲನ್ನೇ ದೇಶದ ಉದ್ದಕ್ಕೂ ಓಡಿಸಿತು. ತಾರೆಯರು ಊರೂರಿನ ನಿಲ್ದಾಣದಲ್ಲಿ ಇಳಿಯುತ್ತ, ರೂಸ್‌ವೆಲ್ಟ್ ಅಧಿಕಾರ ಸ್ವೀಕರಿಸುವ ದಿನಕ್ಕೆ ವಾಷಿಂಗ್ಟನ್ ತಲುಪಿದರು. ಬಂದ ಜನಜಂಗುಳಿಯನ್ನು ಕಣ್ಣಾರೆ ಕಂಡ ಸ್ಥಳೀಯ ಮಾಲೀಕನಿಗೆ ಬೇರೆ ಪುರಾವೆ ಬೇಕೇ?

ಮಾಲೀಕನ ಹುರುಪಿಗೂ ಬಹುಮಾನವಿತ್ತು. ‘ಮೋಷನ್ ಪಿಕ್ಚರ್ ಹೆರಾಲ್ಡ್’ 1934ರಿಂದ ಕ್ವಿಗ್ಲಿ ಪ್ರಶಸ್ತಿ ಕೊಡತೊಡಗಿತು, ಊರಿನಲ್ಲಿ ಅತ್ಯುತ್ತಮ ಪ್ರಚಾರ ಮಾಡಿದ ವ್ಯವಸ್ಥಾಪಕರಿಗೆ. ಅಂಗಡಿಯವರನ್ನು ಜೊತೆ ಸೇರಿಸಿಕೊಂಡದ್ದು, ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಇಟ್ಟದ್ದು, ಭಯದ ಚಿತ್ರಕ್ಕೆ ಬಾಗಿಲಲ್ಲಿ ಆಂಬುಲೆನ್ಸ್ ನಿಲ್ಲಿಸಿದ್ದು, ಎಲ್ಲದರ ಫೋಟೊ ಅಂಟಿಸಿ ಕಳುಹಿಸುತ್ತಿದ್ದರು.

ರೀಲುಪೆಟ್ಟಿಗೆ

ಅಲ್ಲಿಗೆ ನನ್ನ ಮಾತೇ ಬಂತಲ್ಲ ಅಚ್ಚುಮೊಳೆಯವರೇ. ಆಂಬುಲೆನ್ಸಿನ ಬಾಡಿಗೆ ಯಾರು ಕೊಟ್ಟರು? ಪ್ರಬಂಧ ಸ್ಪರ್ಧೆಯ ಬಹುಮಾನ ಯಾರದು? ಉಪಾಯ ಸ್ಟುಡಿಯೊದ್ದು, ಬೆವರು ಮಾಲೀಕನದು, ಗಳಿಕೆ ಹೆಚ್ಚಾದರೆ ಶೇಕಡಾವಾರು ಪಾಲು ಮತ್ತೆ ಸ್ಟುಡಿಯೊಗೆ. ಆ ಪಾಲು ತಪ್ಪದಂತೆ ಬಾಗಿಲಲ್ಲಿ ನಿಂತು ತಲೆ ಎಣಿಸುವವರನ್ನೂ ಕಳುಹಿಸುತ್ತಿದ್ದರು. ನಿಗದಿತ ಬಾಡಿಗೆಗೆ ಚಿತ್ರ ಪಡೆದವನು ಪ್ರಚಾರ ಮಾಡಿದರೆ ಲಾಭ ಅವನಿಗೆ, ಅದನ್ನು ಒಪ್ಪುತ್ತೇನೆ. ಆದರೆ ಗೆಲ್ಲುವ ಚಿತ್ರಗಳು ನಿಗದಿತ ಬಾಡಿಗೆಗೆ ಸುಲಭವಾಗಿ ಸಿಗುತ್ತಿರಲಿಲ್ಲ.

ಮೆಜೆಸ್ಟಿಕ್ ಹಳಬ

ಚರ್ಚೆ ಓದುತ್ತಿದ್ದೆ, ಸುಮ್ಮನಿರಲಾಗಲಿಲ್ಲ. ಹಂಚಿಕೆದಾರರ ಕಚೇರಿಯಲ್ಲಿ ಲೆಕ್ಕ ಬರೆದವನು ನಾನು.

ಈ ಬ್ಲಾಕ್ ಬುಕಿಂಗ್ ಜಗಳ ನಮ್ಮ ದೇಶಕ್ಕೂ ಬೇಗನೆ ಬಂದಿತ್ತು. ಟಿ. ರಂಗಾಚಾರ್ಯರ ಅಧ್ಯಕ್ಷತೆಯ ಭಾರತೀಯ ಸಿನಿಮಾ ಸಮಿತಿ 1927-28ರಲ್ಲಿ ಊರೂರು ಸುತ್ತಿ ಸಾಕ್ಷ್ಯ ತೆಗೆದುಕೊಂಡಾಗ ವಿದೇಶಿ ಚಿತ್ರಗಳನ್ನು ಕಟ್ಟುಕಟ್ಟಾಗಿ, ನೋಡದೆ ಕೊಳ್ಳಬೇಕಾದ ಪ್ರಶ್ನೆಯೂ ಎದ್ದಿತ್ತು. ಚಿತ್ರಮಂದಿರಗಳ ದೊಡ್ಡ ಸರಪಳಿಯನ್ನೇ ಹೊಂದಿದ್ದ ಕಲ್ಕತ್ತದ ಮದನ್ ಸಂಸ್ಥೆಯ ಹಿಡಿತ ಎಷ್ಟೆಂಬುದನ್ನೂ ಸಮಿತಿ ಕೆದಕಿತು. ಸಾಕ್ಷ್ಯದ ಸಂಪುಟಗಳು ಅಂತರ್ಜಾಲದಲ್ಲಿವೆ, ಓದಲು ಕಥೆಯಂತೆ ಇವೆ.

ಆದರೆ ಬೆಂಗಳೂರಿನ ಕನ್ನಡ ಚಿತ್ರಗಳ ವ್ಯವಹಾರ ನೋಡಿದರೆ ನೀವು ಹೇಳುತ್ತಿರುವುದೆಲ್ಲ ತಲೆಕೆಳಗು. ಕೆಂಪೇಗೌಡ ರಸ್ತೆಯ ಮುಖ್ಯ ಚಿತ್ರಮಂದಿರಗಳಿಗೆ ನಿರ್ಮಾಪಕ ಅಥವಾ ಹಂಚಿಕೆದಾರನೇ ವಾರದ ಬಾಡಿಗೆ ಕಟ್ಟಬೇಕಿತ್ತು. ಜನ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಬಾಡಿಗೆ ಬೇಡ, ಶೇಕಡಾವಾರು ಪದ್ಧತಿ ತನ್ನಿ ಎಂದು ನಿರ್ಮಾಪಕರು ಚಲನಚಿತ್ರ ವಾಣಿಜ್ಯ ಮಂಡಳಿಯ ಮೆಟ್ಟಿಲು ಹತ್ತಿದ್ದು ಎಷ್ಟು ಸಲವೋ. ಬಾಡಿಗೆ ಗಟ್ಟಿಯಾಗಿ ಬರುವಾಗ ಮಾಲೀಕ ಪ್ರಚಾರಕ್ಕೆ ಏಕೆ ಕೈ ಹಾಕುತ್ತಾನೆ? ಕಟೌಟು, ಹೂವಿನ ಹಾರ, ವಾಲ್‌ಪೋಸ್ಟರು ಎಲ್ಲವೂ ಹಂಚಿಕೆದಾರ ಅಥವಾ ಅಭಿಮಾನಿ ಸಂಘದ ಖರ್ಚು. ಆದ್ದರಿಂದಲೇ ಅಮೆರಿಕದಂಥ ಪ್ರೆಸ್‌ಬುಕ್ ಇಲ್ಲಿ ಬೆಳೆಯಲಿಲ್ಲ ಎಂಬುದು ನನ್ನ ಲೆಕ್ಕ. ನಮ್ಮಲ್ಲಿ ಬೆಳೆದದ್ದು ಹಾಡಿನ ಪುಸ್ತಕ. ಅದು ನೇರವಾಗಿ ಪ್ರೇಕ್ಷಕನ ಕೈಗೆ.

ಸಣ್ಣ ಊರುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಮಾಲೀಕ ಮುಂಗಡ ಕೊಟ್ಟು ಪೆಟ್ಟಿಗೆ ತರಿಸಿಕೊಳ್ಳುತ್ತಿದ್ದ, ಜೊತೆಗೆ ನಮ್ಮ ಪ್ರತಿನಿಧಿ ಹೋಗಿ ಟಿಕೆಟ್ ಲೆಕ್ಕ ನೋಡುತ್ತಿದ್ದ. ರೀಲುಪೆಟ್ಟಿಗೆಯವರು ಹೇಳಿದ ತಲೆ ಎಣಿಸುವವನ ಅಣ್ಣತಮ್ಮ.

ಟೆಂಟಿನ ಮಗಳು

ಆ ಪ್ರತಿನಿಧಿಗೆ ನಮ್ಮ ಮನೆಯಲ್ಲೇ ಊಟ. ಅವನು ಊಟಕ್ಕೆ ಕುಳಿತಾಗಲೇ ಎರಡನೆಯ ಆಟದ ಟಿಕೆಟ್ ಮಾರಾಟ ಶುರುವಾಗುತ್ತಿತ್ತು ಎಂದು ದೊಡ್ಡಪ್ಪ ಹೇಳುತ್ತಿದ್ದರು. ಹೆಚ್ಚು ಕೇಳಬೇಡಿ ಹಳಬರೇ.

ಪ್ರಚಾರ ನಮ್ಮದೇ ಖರ್ಚು. ಬಾಡಿಗೆ ಎತ್ತಿನಗಾಡಿಯ ಎರಡೂ ಪಕ್ಕ ಪೋಸ್ಟರು ಕಟ್ಟಿ, ಮೈಕಿನಲ್ಲಿ ಕೂಗುತ್ತ, ಬಣ್ಣದ ಕರಪತ್ರ ಎಸೆಯುತ್ತ ಸುತ್ತಲಿನ ಹಳ್ಳಿಗಳನ್ನು ಸುತ್ತುತ್ತಿದ್ದರು. ಕರಪತ್ರದ ಕೊನೆಯಲ್ಲಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಎಂಬ ಸಾಲು ಇರಲೇಬೇಕು. ಯಾವ ಸ್ಟುಡಿಯೊವೂ ಹೇಳಿಕೊಟ್ಟದ್ದಲ್ಲ.

ನಡುಸಾಲಿನ ನೋಡುಗ

ಭಯದ ಚಿತ್ರಗಳ ಮಾತು ಬಂದದ್ದರಿಂದ ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಟಿ.ವಿ. ಬಂದು ಚಿತ್ರಮಂದಿರಗಳು ಖಾಲಿಯಾಗುತ್ತಿದ್ದ 1950ರ ದಶಕದ ಕೊನೆಯಲ್ಲಿ ವಿಲಿಯಂ ಕ್ಯಾಸಲ್ ಎಂಬ ನಿರ್ಮಾಪಕ ನಿರ್ದೇಶಕರು ಮಾಲೀಕರಿಗೆ ಚಿತ್ರದ ಜೊತೆ ಒಂದೊಂದು ಆಟಿಕೆಯನ್ನೂ ಮಾರಿದರು ಎನ್ನಬಹುದು. 1958ರ ‘ಮಕಾಬರ್’ ನೋಡಿ ಭಯದಿಂದ ಸತ್ತರೆ ಸಾವಿರ ಡಾಲರ್ ವಿಮೆ, ಲಂಡನ್ನಿನ ಲಾಯ್ಡ್ಸ್ ಹೆಸರಿನಲ್ಲಿ. ಮರುವರ್ಷ ಒಂದು ಚಿತ್ರಕ್ಕೆ ಪ್ರೇಕ್ಷಕರ ತಲೆಯ ಮೇಲೆ ತಂತಿಯಲ್ಲಿ ಹಾರುವ ಅಸ್ಥಿಪಂಜರ, ಇನ್ನೊಂದಕ್ಕೆ ಕೆಲವು ಕುರ್ಚಿಗಳ ಅಡಿಯಲ್ಲಿ ಅದುರುವ ಮೋಟಾರು. ಕುರ್ಚಿ ಬಿಚ್ಚಿ ಮೋಟಾರು ಕೂರಿಸುವ ಪಾಡು ಮಾತ್ರ ಚಿತ್ರಮಂದಿರದ ಸಿಬ್ಬಂದಿಯದು.

1960ರಲ್ಲಿ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನೇ ಇನ್ನೂ ಗಂಭೀರವಾಗಿ ಮಾಡಿದರು. ‘ಸೈಕೊ’ ತೋರಿಸುವ ಮಾಲೀಕರಿಗೆ ಚಿತ್ರವನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಕೈಪಿಡಿಯನ್ನೇ ಕಳುಹಿಸಿದರು. ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು. ಮುಂದಿನ ಆಟದ ವೇಳೆ ಮೊಗಸಾಲೆಯಲ್ಲಿ ಕಾಣುವಂತಿರಬೇಕು. ಸಾಲಿನಲ್ಲಿ ನಿಂತವರಿಗೆ ಕೇಳಿಸಲು ಅವರ ಧ್ವನಿಮುದ್ರಿಕೆ. ಚಿತ್ರ ಮುಗಿದ ಮೇಲೆ ಪರದೆ ಮುಚ್ಚಿ ಅರ್ಧ ನಿಮಿಷ ಕತ್ತಲೆ. ಬೇಕಾದಾಗ ಬಂದು ನಡುವೆ ಕುಳಿತು, ಮುಂದಿನ ಆಟದಲ್ಲಿ ಮೊದಲರ್ಧ ನೋಡಿ ಎದ್ದುಹೋಗುವುದು ಅಮೆರಿಕದಲ್ಲಿ ಅಲ್ಲಿಯವರೆಗೆ ಮಾಮೂಲು. ಬಂದ ಗಿರಾಕಿಯನ್ನು ಬಾಗಿಲಲ್ಲೇ ತಡೆಯಿರಿ ಎಂದು ಮಾಲೀಕನಿಗೆ ಹೇಳುವುದು ಸಾಮಾನ್ಯ ಧೈರ್ಯವಲ್ಲ. ಹೊರಗೆ ಬೆಳೆದ ಸಾಲನ್ನು ನೋಡಿದ ಮೇಲೆ ಮಾಲೀಕರ ತಕರಾರು ಅಡಗಿತು.

ಕರಾರುಪತ್ರ

ಕಾನೂನಿನ ಎಳೆ ಅಲ್ಲೇ ಉಳಿಯಿತು, ಮುಗಿಸುತ್ತೇನೆ.

ಸ್ಟುಡಿಯೊಗಳ ಏಕಸ್ವಾಮ್ಯದ ವಿರುದ್ಧ ಸರ್ಕಾರ ಹೂಡಿದ್ದ ದಾವೆಯಲ್ಲಿ, 1940ರ ಕೊನೆಗೆ, ಸರ್ಕಾರ ಮತ್ತು ಐದು ದೊಡ್ಡ ಸ್ಟುಡಿಯೊಗಳ ನಡುವೆ ರಾಜಿ ಆದೇಶವಾಯಿತು. ಒಂದು ಕಟ್ಟಿನಲ್ಲಿ ಐದಕ್ಕಿಂತ ಹೆಚ್ಚು ಚಿತ್ರ ಮಾರುವಂತಿಲ್ಲ, ಮಾರುವ ಮೊದಲು ಹಂಚಿಕೆ ಕೇಂದ್ರಗಳಲ್ಲಿ ಮಾಲೀಕರಿಗೆ ತೋರಿಸಬೇಕು. ಬಂಗಾರದ ಪುಸ್ತಕದ ಆಟ ಅಲ್ಲಿಗೆ ಸೊರಗಿತು. ತೋರಿಸಿಯೇ ಮಾರಬೇಕಾದಾಗ ವೃತ್ತಿಪತ್ರಿಕೆಗಳ ಜಾಹೀರಾತು ಒಂದೊಂದೇ ಚಿತ್ರದ ಬೆನ್ನು ಹತ್ತಿತು. 1948ರಲ್ಲಿ ಸುಪ್ರೀಂ ಕೋರ್ಟ್ ಅದೇ ದಾವೆಯಲ್ಲಿ, ಅಂದರೆ ಪ್ಯಾರಾಮೌಂಟ್ ಪ್ರಕರಣದಲ್ಲಿ, ಬ್ಲಾಕ್ ಬುಕಿಂಗ್ ಅನ್ನು ಅಕ್ರಮವೆಂದು ಎತ್ತಿಹಿಡಿದ ಮೇಲೆ ಸ್ಟುಡಿಯೊಗಳು ಚಿತ್ರಮಂದಿರಗಳನ್ನೂ ಬಿಟ್ಟುಕೊಡಬೇಕಾಯಿತು.

ಚಾಳಿ ಹೋಯಿತೇ? 1977ರ ಕಥೆ ಕೇಳಿ. ಫಾಕ್ಸ್ ಸಂಸ್ಥೆಯ ಬಳಿ ಮಾಲೀಕರು ಹಾತೊರೆಯುತ್ತಿದ್ದ ಒಂದು ಚಿತ್ರವಿತ್ತು, ಜನಪ್ರಿಯ ಕಾದಂಬರಿಯಿಂದ ತೆಗೆದ ‘ದಿ ಅದರ್ ಸೈಡ್ ಆಫ್ ಮಿಡ್‌ನೈಟ್’. ಅದು ಬೇಕಾದರೆ ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಇನ್ನೊಂದನ್ನೂ ತೆಗೆದುಕೊಳ್ಳಿ ಎಂದು ತಗಲಿಹಾಕಿದರು. ಆ ಬೇಡದ ಚಿತ್ರ ‘ಸ್ಟಾರ್ ವಾರ್ಸ್’. ಮೇ 25ರಂದು 32 ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು, ಮುಂದಿನದು ನಿಮಗೆ ಗೊತ್ತು. ಕಟ್ಟು ಕಟ್ಟಿ ಮಾರಿದ ಆರೋಪಕ್ಕೆ ಫಾಕ್ಸ್ 25,000 ಡಾಲರ್ ದಂಡ ತೆತ್ತಿತು. ಚಲನಚಿತ್ರದ ಇತಿಹಾಸದಲ್ಲಿ ಇಷ್ಟು ಸುಖವಾಗಿ ದಂಡ ಕಟ್ಟಿದವರು ಇರಲಾರರು.

ಮಾಲೀಕರು ಚಿತ್ರ ನೋಡದೆಯೇ ಅದಕ್ಕೆ ಹರಾಜು ಕೂಗುವ ಪದ್ಧತಿ ಮಾತ್ರ ಉಳಿದಿತ್ತು. 1970ರ ದಶಕದ ಕೊನೆಯಿಂದ ಓಹಿಯೋ, ಪೆನ್ಸಿಲ್ವೇನಿಯಾದಂಥ ರಾಜ್ಯಗಳು ಅದರ ವಿರುದ್ಧವೂ ಕಾನೂನು ತಂದವು. ಅಷ್ಟರಲ್ಲಿ ಸ್ಟುಡಿಯೊಗಳ ಕಣ್ಣು ಬೇರೆ ಕಡೆ ಹೊರಳಿತ್ತು. 1975ರಲ್ಲಿ ‘ಜಾಸ್’ ಚಿತ್ರಕ್ಕೆ ಯೂನಿವರ್ಸಲ್ ಸುಮಾರು 7 ಲಕ್ಷ ಡಾಲರನ್ನು ಟಿ.ವಿ. ಜಾಹೀರಾತಿಗೇ ಸುರಿದು ನಾನೂರಕ್ಕೂ ಹೆಚ್ಚು ಕಡೆ ಒಂದೇ ದಿನ ಬಿಡುಗಡೆ ಮಾಡಿತು. ರಾಷ್ಟ್ರವ್ಯಾಪಿ ಟಿ.ವಿ. ಜಾಹೀರಾತು ಮನೆಮನೆಗೆ ಹೋಗುವಾಗ ಊರಿನ ವ್ಯವಸ್ಥಾಪಕ ಬೀದಿಯಲ್ಲಿ ತಮಟೆ ಹೊಡೆಯುವ ಅಗತ್ಯವಿಲ್ಲ. ಪ್ರೆಸ್‌ಬುಕ್ ತೆಳ್ಳಗಾಗುತ್ತ ಹೋದದ್ದು ಇದೇ ವರ್ಷಗಳಲ್ಲಿ.

ಈಗ ಮಾಲೀಕರನ್ನು ಓಲೈಸುವ ಜಾಗ ಲಾಸ್ ವೇಗಸ್. 1970ರ ದಶಕದಲ್ಲಿ ಶುರುವಾದ ಶೋವೆಸ್ಟ್ ಸಮಾವೇಶ 2011ರಿಂದ ಸಿನಿಮಾಕಾನ್ ಎಂಬ ಹೆಸರಿನಲ್ಲಿ ಸೀಸರ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ನಡೆಯುತ್ತಿದೆ. ಮುಂದಿನ ವರ್ಷದ ಚಿತ್ರಗಳ ತುಣುಕು ತೋರಿಸಿ, ತಾರೆಯರನ್ನು ವೇದಿಕೆಗೆ ಕರೆತಂದು, ನೀವಿಲ್ಲದೆ ನಾವಿಲ್ಲ ಎಂದು ಮಾಲೀಕರಿಗೆ ಹೇಳುತ್ತಾರೆ. ಒಟಿಟಿ ಬಂದ ಮೇಲೆ ಆ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ.

ಮೆಜೆಸ್ಟಿಕ್ ಹಳಬ

‘ಸ್ಟಾರ್ ವಾರ್ಸ್’ ತಗಲಿಹಾಕಿದ್ದು ಕೇಳಿ ಹೊಟ್ಟೆ ತುಂಬ ನಕ್ಕೆ. ನಮ್ಮಲ್ಲೂ ದೊಡ್ಡ ನಾಯಕನ ಚಿತ್ರ ಬೇಕೆಂದರೆ ಹಂಚಿಕೆದಾರರ ಬಳಿ ಕೊಳೆಯುತ್ತಿದ್ದ ಎರಡು ಚಿತ್ರಗಳನ್ನೂ ಓಡಿಸಬೇಕಿತ್ತು. ಕರಾರಿನಲ್ಲಿ ಬರೆಯುತ್ತಿರಲಿಲ್ಲ, ಕಾಫಿ ಕುಡಿಯುವಾಗ ಹೇಳುತ್ತಿದ್ದರು.

ನನ್ನದೊಂದು ಪ್ರಶ್ನೆ ಇದೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಚಿತ್ರದ ಪೋಸ್ಟರು ನನ್ನ ಬಳಿ ಇದೆ. ನಾಲ್ಕು ಮಡಿಕೆಯ ಗುರುತಿದೆ. ಕೆಳಗಡೆ ಅಂಚಿನಲ್ಲಿ ಒಂದು ಓರೆಗೆರೆ, ಅದರ ಆಚೆ ಈಚೆ ಅಂಕಿಗಳು. ಅಂಕಿಗಳ ಮೊದಲಿಗೆ ‘ಆರ್’ ಅಕ್ಷರ. ಅದೇನು?

ರೀಲುಪೆಟ್ಟಿಗೆ

ಅದು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಸಂಸ್ಥೆಯ ಸಂಖ್ಯೆ ಇರಬೇಕು ಸರ್. ಮೊದಲು ಟ್ರೇಲರುಗಳ ವ್ಯಾಪಾರಕ್ಕೆ ಇಳಿದ ಸಂಸ್ಥೆ. 1940ರಿಂದಾಚೆ ಒಂದೊಂದೇ ಸ್ಟುಡಿಯೊ ತನ್ನ ಪೋಸ್ಟರು, ಲಾಬಿ ಕಾರ್ಡುಗಳ ಅಚ್ಚು ಮತ್ತು ಹಂಚಿಕೆಯನ್ನು ಅದಕ್ಕೇ ಒಪ್ಪಿಸಿತು. ಮಾಲೀಕ ಯಾವ ಸ್ಟುಡಿಯೊದ ಚಿತ್ರ ಹಾಕಿದರೂ ಪೋಸ್ಟರಿಗೆ ಇವರ ಬಳಿಗೇ ಬರಬೇಕು ಎಂಬ ಸ್ಥಿತಿಯಾಯಿತು. ಮೊದಲಿನಿಂದ ಪೋಸ್ಟರು ಬಾಡಿಗೆಗೆ ಕೊಡುತ್ತಿದ್ದ ಸಣ್ಣ ವ್ಯಾಪಾರಿಗಳು ಏಕಸ್ವಾಮ್ಯದ ದೂರು ಹೊತ್ತು ಸುಪ್ರೀಂ ಕೋರ್ಟಿನವರೆಗೂ ಹೋದರು. 1955ರಲ್ಲಿ ಅವರ ದಾವೆ ನಡೆಯಬಹುದು ಎಂದು ತೀರ್ಪಾಯಿತು.

ಓರೆಗೆರೆಯ ಎಡಕ್ಕಿರುವ ಎರಡು ಅಂಕಿ ವರ್ಷ, ಬಲಕ್ಕಿರುವುದು ಆ ವರ್ಷದ ಕ್ರಮಸಂಖ್ಯೆ. ‘ಆರ್’ ಇದ್ದರೆ ಮರುಬಿಡುಗಡೆಯ ಪೋಸ್ಟರು, ಮೊದಲ ಬಿಡುಗಡೆಯದಲ್ಲ. ಬೆಲೆ ಕಟ್ಟುವವರು ಮೊದಲು ನೋಡುವುದೇ ಆ ಅಕ್ಷರವನ್ನು. ಮಡಿಕೆಯ ಗುರುತು ಇರುವುದು ಒಳ್ಳೆಯದೇ, ಆ ಕಾಲದಲ್ಲಿ ಪೋಸ್ಟರುಗಳನ್ನು ಮಡಿಸಿಯೇ ಕಳುಹಿಸುತ್ತಿದ್ದರು. ದಯವಿಟ್ಟು ಇಸ್ತ್ರಿ ಹಾಕಬೇಡಿ, ಟೇಪು ಅಂಟಿಸಬೇಡಿ. ಎರಡು ಅಂಕಿ ಯಾವುದೆಂದು ಬರೆಯಿರಿ. ವೃತ್ತಿಪತ್ರಿಕೆಗಳನ್ನು ಉಚಿತವಾಗಿ ಓದಲು ಇಟ್ಟಿರುವ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಆ ವರ್ಷದ ಸಂಚಿಕೆ ಇದ್ದರೆ ಮಾಲೀಕರು ಆ ಚಿತ್ರದ ಬಗ್ಗೆ ಏನು ಗೊಣಗಿದ್ದರೆಂದು ಹುಡುಕಿ ಹೇಳುತ್ತೇನೆ.